ದೇವರ ಸಮಯಕ್ಕೆ ಕಾಯೋದು ಹೇಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ಪ್ರತಿ ಗುರುವಾರ ಸಾಯಂಕಾಲ ಮೈಸೂರಿನ ನಮ್ಮ ಮನೇಲಿ ಒಂದು ಚಿಕ್ಕ ಪ್ರಾರ್ಥನಾ ಕೂಟ ನಡೆಯುತ್ತೆ, ಹತ್ತು ಹನ್ನೆರಡು ಜನ ಸೇರ್ತೀವಿ, ಎನ್.ಆರ್. ಮೊಹಲ್ಲಾದವ್ರು, ಬನ್ನಿಮಂಟಪದವ್ರು, ಇಬ್ಬರು ಮೂವರು ಮಂಡ್ಯದಿಂದ ಟ್ರೈನ್ ಹತ್ಕೊಂಡು ಬರ್ತಾರೆ. ಪ್ರಾರ್ಥನೆ ಮುಗಿದು ಟೀ ಲೋಟ ಕೈಗೆ ಬಂದ್ಮೇಲೆ ನಿಜವಾದ ಮಾತು ಶುರುವಾಗೋದು. ಒಬ್ಬರಿಗೆ ಕೆಲಸ ಇಲ್ಲ, ಒಬ್ಬರಿಗೆ ಮಕ್ಕಳಾಗಿಲ್ಲ, ಇನ್ನೊಬ್ಬರ ಗಂಡ ಕುಡಿಯೋದು ಬಿಟ್ಟಿಲ್ಲ, ಕೇಳೋದು ಮಾತ್ರ ಎಲ್ಲರೂ ಒಂದೇ, ದೇವರು ಯಾಕೆ ಇಷ್ಟು ತಡ ಮಾಡ್ತಾರೆ ಅಂತ. ನಾನು ಪಾಸ್ಟರ್ ಅಲ್ಲ, ಥಿಯಾಲಜಿ ಓದಿಲ್ಲ, ಪಾಂಡವಪುರ ಕಡೆಯ ರೈತರ ಮನೇಲಿ ಹುಟ್ಟಿ ಮೈಸೂರಿಗೆ ಮದುವೆಯಾಗಿ ಬಂದವಳು. ನಾನೂ ಕಾದಿದೀನಿ, ಕಾದಿದ್ದು ಸಿಗದೇನೂ ಹೋಗಿದೆ. ಹಾಗಾಗಿ ಇಲ್ಲಿ ಬರೆದಿರೋದೆಲ್ಲ ಅಲ್ಲಿಂದ ಬಂದಿರೋದು.

ದೇವರ ಸಮಯ ಅಂದ್ರೆ ನಿಜವಾಗ್ಲೂ ಏನು? ಸುಮ್ನೆ ಸಮಾಧಾನಕ್ಕೆ ಹೇಳೋ ಮಾತಾ?

ಸಮಾಧಾನಕ್ಕೆ ಹೇಳೋರು ಇದಾರೆ, ಇಲ್ಲ ಅನ್ನಲ್ಲ. ಆದ್ರೆ ಸತ್ಯವೇದದಲ್ಲಿ, ಅಂದ್ರೆ ಬೈಬಲಲ್ಲಿ, ಆ ಮಾತು ಅಷ್ಟು ಹಗುರವಾಗಿ ಬಂದಿಲ್ಲ. ಅದರಲ್ಲಿ ಪ್ರಸಂಗಿ ಅನ್ನೋ ಪುಸ್ತಕದ 3ನೇ ಅಧ್ಯಾಯ ತೆಗೆದು ನೋಡಿ, ಹುಟ್ಟೋಕೊಂದು ಸಮಯ ಸಾಯೋಕೊಂದು ಸಮಯ, ನೆಡೋಕೊಂದು ಸಮಯ ಕೀಳೋಕೊಂದು ಸಮಯ, ಅಳೋಕೊಂದು ನಗೋಕೊಂದು ಅಂತ ಹೇಳ್ಕೊಂಡು ಹೋಗಿ 11ನೇ ವಚನದಲ್ಲಿ ದೇವರು ಒಂದೊಂದನ್ನೂ ಅದರದರ ಸಮಯಕ್ಕೆ ತಕ್ಕ ಹಾಗೆ ಅಂದವಾಗಿ ಮಾಡಿದಾರೆ ಅಂತ ಬರುತ್ತೆ. ನಮ್ಮ ಕ್ಯಾಲೆಂಡರಲ್ಲಿ ಪ್ರಿಂಟ್ ಆಗೋದು ಇಷ್ಟೇ. ಆದ್ರೆ ಅದೇ ವಚನದ ಉಳಿದ ಅರ್ಧದಲ್ಲಿ, ದೇವರು ಶುರುವಿಂದ ಕೊನೇತನಕ ಮಾಡೋ ಕೆಲಸ ಮನುಷ್ಯನಿಗೆ ಪೂರ್ತಿ ತಿಳಿಯಲ್ಲ ಅಂತಾನೂ ಇದೆ. ಸಮಯ ಇದೆ ಅನ್ನೋದೂ ಸತ್ಯ, ಅದು ನಮ್ಮ ಕೈಗೆ ಸಿಗಲ್ಲ ಅನ್ನೋದೂ ಸತ್ಯ, ಎರಡನ್ನೂ ಒಟ್ಟಿಗೆ ಹಿಡ್ಕೊಂಡಿರೋದೇ ನಂಬಿಕೆ ಅಂತ ನನಗನ್ಸುತ್ತೆ.

ಇನ್ನೊಂದು ವಿಷ್ಯ. ನಮ್ಮ ಕನ್ನಡ ಸತ್ಯವೇದದಲ್ಲಿ 1 ಕೊರಿಂಥ 13ರ ಕೊನೇಲಿ ನಂಬಿಕೆ ನಿರೀಕ್ಷೆ ಪ್ರೀತಿ ಅಂತ ಬರುತ್ತಲ್ಲ, ಅಲ್ಲಿ ನಿರೀಕ್ಷೆ ಅಂದ್ರೆ ಭರವಸೆ. ಯೆಶಾಯ 40ರ ಕೊನೇಲಿ ಯೆಹೋವನನ್ನ ನಿರೀಕ್ಷಿಸೋರು ಹೊಸ ಬಲ ಹೊಂದ್ತಾರೆ, ಹದ್ದುಗಳ ಥರ ರೆಕ್ಕೆ ಚಾಚಿ ಏರ್ತಾರೆ ಅಂತ ಬರುತ್ತೆ, ಅಲ್ಲಿ ನಿರೀಕ್ಷಿಸೋದು ಅಂದ್ರೆ ಕಾಯೋದು. ಕಾಯೋದಕ್ಕೂ ಭರವಸೆಗೂ ನಮ್ಮ ಭಾಷೇಲಿ ಒಂದೇ ಪದ ಇಟ್ಟಿದಾರೆ. ಚಿಕ್ಕವಳಿದ್ದಾಗ ಸಂಡೇ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೆ, ಅರ್ಥ ಆಗೋಕೆ ನಲವತ್ತು ವರ್ಷ ಬೇಕಾಯ್ತು.

ಎಷ್ಟು ದಿನ ಕಾಯ್ಬೇಕು? ಒಂದು ಲೆಕ್ಕ ಬೇಡ್ವಾ?

ಲೆಕ್ಕ ಕೊಡೋಕೆ ಆಗಲ್ಲ, ಆದ್ರೆ ನಿಮಗಿಂತ ಮುಂಚೆ ಕಾದವರ ವಯಸ್ಸು ಹೇಳ್ಬಹುದು. ಅಬ್ರಹಾಮ ಹಾರಾನ್ ಬಿಟ್ಟಾಗ 75 ವರ್ಷ, ಇಸಾಕ ಹುಟ್ಟಿದಾಗ 100, ಅಂದ್ರೆ ವಾಗ್ದಾನಕ್ಕೂ ಮಗುವಿಗೂ ಮಧ್ಯೆ 25 ವರ್ಷ. ಆ ಮಧ್ಯದಲ್ಲಿ ತಾಳಲಾರದೆ ಸಾರಾ ತನ್ನ ದಾಸಿ ಹಾಗರಳನ್ನ ಗಂಡನಿಗೆ ಕೊಟ್ಟಳು, ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86, ಆಮೇಲೆ ಆ ಮನೇಲಿ ಆದ ಕಣ್ಣೀರು ನಿಮಗೆ ಗೊತ್ತು. ಯೋಸೇಫ ಕನಸು ಕಂಡಾಗ 17, ಫರೋಹನ ಮುಂದೆ ನಿಂತಾಗ 30. ಜೈಲಲ್ಲಿ ಜೊತೆಗಿದ್ದ ಪಾನದಾಯಕ, ಅಂದ್ರೆ ರಾಜನಿಗೆ ಕುಡಿಯೋಕೆ ಕೊಡೋನು, ಹೊರಗೆ ಹೋಗಿ ಇವನನ್ನ ಮರೆತ, ಆದ್ಮೇಲೂ ಪೂರ್ತಿ ಎರಡು ವರ್ಷ ಹೋಯ್ತು. ನಂಗೆ ಆ ಹದಿಮೂರು ವರ್ಷಕ್ಕಿಂತ ಈ ಎರಡು ವರ್ಷಾನೇ ಹೆಚ್ಚು ಕಾಡುತ್ತೆ, ಯಾಕಂದ್ರೆ ಬಾಗಿಲು ತೆಗೀತು ಅನ್ನಿಸಿ ಮತ್ತೆ ಮುಚ್ಕೊಂಡ ಮೇಲೆ ಕಾಯೋದು ಎಲ್ಲಕ್ಕಿಂತ ಕಷ್ಟ.

ಯೆರೆಮೀಯ 29:11 ದಿನಾ ಸ್ಟೇಟಸ್‌ಗೆ ಹಾಕ್ತೀನಿ, ಇನ್ನೂ ಏನೂ ಆಗಿಲ್ಲ. ಯಾಕೆ?

ಆ ವಚನ ನನ್ನ ಅಡುಗೆಮನೆ ಗೋಡೆ ಮೇಲೂ ಇದೆ. ನಿಮ್ಮ ಬಗ್ಗೆ ನನ್ನ ಆಲೋಚನೆ ಕೇಡಿಂದಲ್ಲ, ಒಳ್ಳೇದು, ನಿಮಗೆ ಗತಿ ಕೊಡ್ತೀನಿ ನಿರೀಕ್ಷೆ ಕೊಡ್ತೀನಿ ಅಂತ. ಆದ್ರೆ ಅದು ಒಂದು ಕಾಗದದ ನಡುವಿನ ಸಾಲು, ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಬರೆದ ಕಾಗದ. ಅದರ ಹಿಂದಿನ ಸಾಲಲ್ಲೇ 70 ವರ್ಷ ಆದ್ಮೇಲೆ ನಿಮ್ಮನ್ನ ವಾಪಸ್ ಕರ್ಕೊಂಡು ಬರ್ತೀನಿ ಅಂತ ಇದೆ. ಇನ್ನೂ ಸ್ವಲ್ಪ ಮೇಲೆ, ಮನೆ ಕಟ್ಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿಗೋಸ್ಕರ ಪ್ರಾರ್ಥನೆ ಮಾಡಿ ಅಂತ ಇದೆ. ಆ ಕಾಗದ ಓದಿದಾಗ ನಲವತ್ತು ದಾಟಿದ್ದವರು ಯಾರಾದ್ರೂ ಊರಿಗೆ ವಾಪಸ್ ಹೋಗೋ ಆಸೆ ಇಟ್ಕೊಳ್ಳೋ ಹಾಗಿತ್ತಾ ಯೋಚನೆ ಮಾಡಿ. ಆದ್ರೂ ಅವರಿಗೂ ಸೇರಿಸೇ ಬರೆದಿದ್ದು ಆ ಮಾತು. ಸ್ಟೇಟಸ್‌ಗೆ ಹಾಕಿ, ಬೇಡ ಅನ್ನಲ್ಲ, ಒಂದ್ಸಲ 4ನೇ ವಚನದಿಂದ 14ರವರೆಗೂ ಪೂರ್ತಿ ಓದಿ.

ಹಾಗಾದ್ರೆ ಕಾಯೋದು ಅಂದ್ರೆ ಕೈಕಟ್ಟಿ ಕೂರೋದಾ?

ಮಂಡ್ಯ ಕಡೆಯವರಿಗೆ ಇದನ್ನ ನಾನು ಹೇಳ್ಬೇಕಾ? ಯಾಕೋಬನ ಪತ್ರಿಕೆ 5:7ರಲ್ಲಿ ರೈತ ಭೂಮಿಯ ಒಳ್ಳೇ ಬೆಳೆಗೋಸ್ಕರ ಮುಂಗಾರು ಹಿಂಗಾರು ಮಳೆ ಬರೋವರೆಗೂ ತಾಳ್ಮೆಯಿಂದ ಕಾಯ್ತಾನೆ ಅಂತ ಬರೆದಿದೆ. ಕಬ್ಬು ನಾಟಿ ಮಾಡಿದ್ಮೇಲೆ ಹತ್ತಿರ ಹತ್ತಿರ ಒಂದು ವರ್ಷ. ಆ ಒಂದು ವರ್ಷ ನಮ್ಮಪ್ಪ ಕೂತಿದ್ದು ನಾನು ನೋಡಿಲ್ಲ, ಕಳೆ ತೆಗೆಸೋದು, ಮಣ್ಣು ಏರಿಸೋದು, ನಾಲೇಲಿ ನೀರು ಬಿಟ್ರು ಅಂದ್ರೆ ನಡುರಾತ್ರಿ ಟಾರ್ಚ್ ಹಿಡ್ಕೊಂಡು ಗದ್ದೆಗೆ ಓಡೋದು. ಆದ್ರೆ ಕಬ್ಬನ್ನ ಎಳೆದು ಉದ್ದ ಮಾಡೋಕೆ ಹೋಗ್ತಿರ್ಲಿಲ್ಲ. ದುಡ್ಡಿನ ಅವಸರಕ್ಕೆ ಎಳೇ ಕಬ್ಬು ಕಡಿದು ಆಲೆಮನೆಗೆ ಹಾಕಿದ್ರೆ ಬೆಲ್ಲ ಸರಿಯಾಗಿ ಗಟ್ಟಿ ಕಟ್ಟಲ್ಲ, ಅಚ್ಚು ಕೂರಲ್ಲ, ಇದು ನಮ್ಮೂರಲ್ಲಿ ಎಂಟು ವರ್ಷದ ಹುಡುಗನಿಗೂ ಗೊತ್ತು.

ಕೆಲಸಕ್ಕೆ ಕಾಯ್ತಿದೀರಾ, ಅರ್ಜಿ ಹಾಕ್ತಾ ಇರಿ. ಗಂಡನ ಕುಡಿತ ಬಿಡ್ಲಿ ಅಂತ ಕಾಯ್ತಿದೀರಾ, ಪ್ರಾರ್ಥನೆ ಮಾಡಿ, ಜೊತೆಗೆ ಡಿ-ಅಡಿಕ್ಷನ್ ಸೆಂಟರಿಗೆ ಕರ್ಕೊಂಡು ಹೋಗಿ. ಮತ್ತೆ ಇದನ್ನ ಗಟ್ಟಿಯಾಗಿ ಹೇಳ್ತೀನಿ, ಮನೇಲಿ ಹೊಡೆತ ಬಡಿತ ಇದ್ರೆ ದೇವರ ಸಮಯ ಅಂತ ಸಹಿಸ್ಕೊಂಡು ಕೂರ್ಬೇಡಿ, ಮಕ್ಕಳನ್ನ ಕರ್ಕೊಂಡು ಹೊರಗೆ ಬನ್ನಿ. ಹೊಡೆಸ್ಕೊಂಡು ಇರೋದನ್ನ ದೇವರು ಯಾವತ್ತೂ ಕೇಳಿಲ್ಲ.

ನನ್ನ ಪಾಪದಿಂದ ತಡ ಆಗ್ತಿದೆಯಾ?

ಯೋಹಾನ 9ರಲ್ಲಿ ಹುಟ್ಟು ಕುರುಡನನ್ನ ನೋಡಿ ಶಿಷ್ಯರು ಇದನ್ನೇ ಕೇಳಿದ್ರು, ಯಾರ ಪಾಪ, ಇವನದಾ ಅಪ್ಪ ಅಮ್ಮಂದಾ ಅಂತ. ಇವನದೂ ಅಲ್ಲ ಅವರದೂ ಅಲ್ಲ ಅಂದ್ರು ಯೇಸು ಸ್ವಾಮಿ. ಮನಸ್ಸಲ್ಲಿ ಚುಚ್ಚೋದು ಏನಾದ್ರೂ ಇದ್ರೆ ಅರಿಕೆ ಮಾಡ್ಕೊಳ್ಳಿ, ಅದು ಒಳ್ಳೇದೇ. ಆದ್ರೆ ಮಕ್ಕಳಾಗದ ಹೆಣ್ಣುಮಗಳ ಹತ್ರ ಬಂದು ನಿನ್ನಲ್ಲಿ ಏನೋ ತಡೆ ಇದೆ ಅನ್ನೋರ ಮಾತು ಕೇಳ್ಬೇಡಿ, ಅದು ಕಷ್ಟದಲ್ಲಿ ಬಿದ್ದ ಯೋಬನಿಗೆ ನಿನ್ನ ಪಾಪದಿಂದಲೇ ಹೀಗಾಯ್ತು ಅಂದ ಅವನ ಗೆಳೆಯರ ಮಾತು, ಆ ಪುಸ್ತಕದ ಕೊನೇಲಿ ದೇವರು ಸಿಟ್ಟಾಗಿದ್ದು ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ.

ನನಗಿಂತ ಆಮೇಲೆ ಬಂದವರಿಗೆ ಬೇಗ ಸಿಕ್ತು. ಹೊಟ್ಟೆ ಉರಿಯುತ್ತೆ, ತಪ್ಪಾ?

ಮಾರ್ಕ 5ನ್ನ ಯಾಯೀರನ ಕಣ್ಣಿಂದ ಓದಿ. ಹನ್ನೆರಡು ವರ್ಷದ ಮಗಳು ಸಾಯ್ತಾ ಇದಾಳೆ, ಯೇಸು ಸ್ವಾಮಿ ಮನೆಗೆ ಬರ್ತೀನಿ ಅಂತ ಹೊರಟಿದಾರೆ, ದಾರೀಲಿ ಗುಂಪಿನ ನಡುವೆ ಒಬ್ಬಳು ಹೆಂಗಸು ಹಿಂದಿಂದ ಬಂದು ಬಟ್ಟೆ ಮುಟ್ತಾಳೆ, ಹನ್ನೆರಡು ವರ್ಷದಿಂದ ರಕ್ತಸ್ರಾವ ಇದ್ದು ಇದ್ದಬದ್ದ ದುಡ್ಡೆಲ್ಲ ವೈದ್ಯರಿಗೆ ಸುರಿದವಳು, ಸ್ವಾಮಿ ಅಲ್ಲೇ ನಿಂತುಬಿಡ್ತಾರೆ, ಯಾರು ಮುಟ್ಟಿದ್ದು ಅಂತ ಕೇಳ್ತಾರೆ, ಅವಳು ನಡುಗ್ತಾ ತನ್ನ ಕಥೆಯೆಲ್ಲ ಹೇಳ್ತಾಳೆ. ಯಾಯೀರ ಪಕ್ಕದಲ್ಲಿ ನಿಂತಿದಾನೆ. ಅವಳಿಗೆ ವಾಸಿ ಆಯ್ತು, ಆ ಮಾತು ಮುಗಿಯೋಷ್ಟರಲ್ಲಿ ಇವನ ಮನೆಯಿಂದ ಜನ ಬಂದು ಮಗಳು ತೀರ್ಕೊಂಡ್ಳು ಅಂತ ಹೇಳ್ತಾರೆ. ಆ ಕ್ಷಣ ಅವನ ಹೊಟ್ಟೇಲಿ ಏನಾಗಿರ್ಬೇಕು? ಯೇಸು ಸ್ವಾಮಿ ಅವನನ್ನ ಬೈಯ್ಲಿಲ್ಲ, ಹೆದರ್ಬೇಡ ನಂಬಿಕೆ ಮಾತ್ರ ಇರ್ಲಿ ಅಂತ ಹೇಳಿ ಮುಂದಕ್ಕೆ ಅವನ ಜೊತೇಲೇ ನಡೆದ್ರು. ಅವಳಿಗೆ ಕೊಟ್ಟ ಟೈಮು ಯಾಯೀರನ ಮಗಳ ಪಾಲಿಂದ ಕಿತ್ತುಕೊಂಡಿದ್ದಲ್ಲ. ಹೊಟ್ಟೆ ಉರೀತಿದ್ರೆ ಉರೀತಿದೆ ಅಂತ ದೇವರಿಗೇ ಹೇಳಿ, ಮುಚ್ಚಿಟ್ರೆ ಇನ್ನೂ ಕೊಳೆಯುತ್ತೆ.

ದೇವರ ಮೇಲೆ ಕೋಪ ಬಂದಿದೆ. ಪ್ರಾರ್ಥನೆ ಮಾಡ್ಬಹುದಾ?

ಆಗಲೇ ಮಾಡ್ಬೇಕು. ಕೀರ್ತನೆ 13 ಇರೋದು ಆರೇ ವಚನ, ಅದರ ಶುರುವಿನಲ್ಲೇ ಎಷ್ಟರವರೆಗೆ ಅಂತ ನಾಲ್ಕು ಸಲ ಕೇಳ್ತಾನೆ ದಾವೀದ. ಕೀರ್ತನೆ 88ರಲ್ಲಂತೂ ಕೊನೇವರೆಗೂ ಬೆಳಕೇ ಬರಲ್ಲ, ಕತ್ತಲು ಅನ್ನೋದರಲ್ಲೇ ಮುಗಿದುಹೋಗುತ್ತೆ. ಅದನ್ನೂ ಪ್ರಾರ್ಥನೆ ಅಂತಾನೇ ಸತ್ಯವೇದದಲ್ಲಿ ಇಟ್ಟಿದಾರೆ. ಮಾತೇ ಬರಲ್ಲ ಅನ್ನೋರಿಗೆ ರೋಮಾಪುರ 8:26, ಮಾತಿಲ್ಲದ ನರಳಾಟದಿಂದ ಪವಿತ್ರಾತ್ಮನೇ ನಮ್ಮ ಪರವಾಗಿ ಬೇಡ್ಕೋತಾರೆ ಅಂತ ಇದೆ, ಕೂತು ನಿಟ್ಟುಸಿರು ಬಿಟ್ರೂ ಸಾಕು.

ದೊಡ್ಡ ಕಾಣಿಕೆ ಕೊಟ್ರೆ, ಸ್ಪೆಷಲ್ ಪ್ರಾರ್ಥನೆ ಮಾಡಿಸಿದ್ರೆ ಬೇಗ ಆಗುತ್ತಾ?

ಇಲ್ಲ. ನಮ್ಮ ತಮ್ಮ ಹುಷಾರಿಲ್ಲದಾಗ ಒಬ್ಬರು ಬಂದು ಇಷ್ಟು ದುಡ್ಡು ಬಿತ್ತಿದ್ರೆ ಇಷ್ಟು ದಿನದಲ್ಲಿ ಬಿಡುಗಡೆ ಅಂತ ತಾರೀಕು ಸಮೇತ ಹೇಳಿದ್ರು, ಅಮ್ಮ ಕಿವಿಯ ಓಲೆ ಗಿರವಿ ಇಟ್ಟು ಕೊಟ್ರು. ಆ ತಾರೀಕು ಬಂತು ಹೋಯ್ತು. ಕೇಳೋಕೆ ಹೋದ್ರೆ ನಿಮ್ಮ ನಂಬಿಕೆ ಸಾಲದು ಅಂತ ಉತ್ತರ. ಓಲೆ ಹೋಗಿದ್ದಕ್ಕಿಂತ ಆ ಮಾತು ಅಮ್ಮನನ್ನ ಹೆಚ್ಚು ಮುರೀತು. ಅಪೊಸ್ತಲರ ಕೃತ್ಯ 8ರಲ್ಲಿ ದೇವರ ವರವನ್ನ ದುಡ್ಡಿಗೆ ಕೊಂಡ್ಕೋಬಹುದು ಅಂದುಕೊಂಡ ಸೀಮೋನನಿಗೆ ಪೇತ್ರ ಏನಂದ ಅಂತ ಓದಿ. ಕೃತಜ್ಞತೆಗೆ ಕಾಣಿಕೆ ಕೊಡಿ, ಇಲ್ಲದವರಿಗೆ ಕೊಡಿ, ದೇವರ ಗಡಿಯಾರದ ಮುಳ್ಳು ತಿರುಗಿಸೋಕೆ ಅಂತ ಕೊಡ್ಬೇಡಿ.

ಡಾಕ್ಟರ್ ಹತ್ರ ಹೋದ್ರೆ ನಂಬಿಕೆ ಕಮ್ಮಿ ಅಂತಾನಾ?

ಖಂಡಿತ ಅಲ್ಲ. ಹಿಜ್ಕೀಯ ರಾಜನಿಗೆ ವಾಸಿ ಆಗುತ್ತೆ ಅಂತ ದೇವರ ಮಾತು ತಂದ ಯೆಶಾಯನೇ ಹುಣ್ಣಿಗೆ ಅಂಜೂರದ ಪಟ್ಟು ಹಾಕಿ ಅಂದಿದ್ದು. ನಮ್ಮ ಸೀಮೇನೇ ನೋಡಿ, 1799ರ ಯುದ್ಧ ಆದ್ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನ ಕೂಡಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ಸ್ ಜಪ ಹೇಳಿಕೊಟ್ಟಿದ್ದರ ಜೊತೆಗೆ ಸಿಡುಬಿನ ಲಸಿಕೆ ಹಾಕಿಸೋಕೂ ಊರೂರು ಓಡಾಡಿದವರು, ಗಂಜಾಂನಲ್ಲಿ ಅವರ ಹೆಸರಿನ ಚರ್ಚ್ ಇವತ್ತಿಗೂ ಇದೆ. ಮೈಸೂರಿನ ಮಿಷನ್ ಆಸ್ಪತ್ರೆ 1906ರಿಂದ ಇದೆ. ನಂಬಿಕೆ ಇದ್ದವರೇ ಕಟ್ಟಿದ್ದು ಇವೆಲ್ಲ.

ಮನಸ್ಸಿನ ಕಾಯಿಲೆಗೂ ಇದೇ ಮಾತು. ಎಲೀಯನಂಥ ಪ್ರವಾದಿ ಜಾಲಿಗಿಡದ ಕೆಳಗೆ ಬಿದ್ಕೊಂಡು ನನ್ನ ಪ್ರಾಣ ತಗೋ ಅಂದಾಗ ದೇವರು ಪ್ರಸಂಗ ಮಾಡ್ಲಿಲ್ಲ, ನಿದ್ದೆ ಮಾಡೋಕೆ ಬಿಟ್ರು, ದೂತ ಬಂದು ಬಿಸಿ ರೊಟ್ಟಿ ಒಂದು ತಂಬಿಗೆ ನೀರು ಇಟ್ಟ, ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದ. ನಿಮಗೂ ಸಾಕಪ್ಪ ಈ ಜೀವ ಅನ್ನಿಸ್ತಿದ್ರೆ ಒಬ್ಬರೇ ಇರ್ಬೇಡಿ, ಯಾರಿಗಾದ್ರೂ ಹೇಳಿ, ಸರ್ಕಾರದ ಟೆಲಿ ಮಾನಸ್ ನಂಬರ್ 14416 ಇದೆ, ದುಡ್ಡಿಲ್ಲದೆ ಮಾತಾಡ್ಬಹುದು, ಕನ್ನಡದಲ್ಲೂ ಮಾತಾಡ್ತಾರೆ.

ಕೇಳಿದ್ದು ಕೊನೇವರೆಗೂ ಸಿಗಲೇ ಇಲ್ಲ ಅಂದ್ರೆ?

ಈ ಪ್ರಶ್ನೆ ಯಾರಾದ್ರೂ ಕೇಳಿದಾಗೆಲ್ಲ ನಾನು ಸ್ವಲ್ಪ ಹೊತ್ತು ಸುಮ್ಮನಿರ್ತೀನಿ.

ನನ್ನ ತಮ್ಮನಿಗೆ ಎರಡೂ ಕಿಡ್ನಿ ಹೋಗಿತ್ತು. ನಾಲ್ಕು ವರ್ಷ ಡಯಾಲಿಸಿಸ್, ವಾರಕ್ಕೆ ಮೂರು ಸಲ ಊರಿಂದ ಮೈಸೂರಿಗೆ, ಬೆಳಗಿನ ಜಾವ ಬಸ್ ಹತ್ತಿಸ್ಕೊಂಡು ಅಮ್ಮ ಕರ್ಕೊಂಡು ಬರೋರು. ನಮ್ಮ ಯಾರ ಕಿಡ್ನೀನೂ ಆಗ್ಲಿಲ್ಲ, ವೇಟಿಂಗ್ ಲಿಸ್ಟಲ್ಲಿ ಹೆಸರಿತ್ತು. ಅಮ್ಮ ದೋರನಹಳ್ಳಿ ಸಂತ ಅಂತೋಣಿಯವರ ಹತ್ರ ಎಷ್ಟು ಮಂಗಳವಾರ ಹೋದ್ರೋ ಲೆಕ್ಕ ಇಲ್ಲ, ನಾನು ಉಪವಾಸ ಮಾಡಿದೆ, ಸಭೆಯೆಲ್ಲ ಪ್ರಾರ್ಥನೆ ಮಾಡ್ತು. ನಾವು ಏನಾದ್ರೂ ಕೇಳಿದ್ರೆ ಅಮ್ಮ ಹೇಳ್ತಿದ್ದಿದ್ದು ಒಂದೇ ಮಾತು, ಬತ್ತದೆ ಬುಡವ್ವ, ಹೊತ್ತಿಗೆ ಸರ್ಯಾಗಿ ಬತ್ತದೆ. ಬರ್ಲಿಲ್ಲ. 2019ರಲ್ಲಿ ಹೋದ, 38 ವರ್ಷ, ಹನ್ನೆರಡು ವರ್ಷದ ಮಗಳನ್ನ ಬಿಟ್ಟು.

ಆಮೇಲೆ ಎಷ್ಟೋ ತಿಂಗಳು ನಾನು ಯೋಹಾನ 11ರ ಲಾಜರನ ಕಥೆ, ಸತ್ತವನನ್ನ ಯೇಸು ಸ್ವಾಮಿ ಎಬ್ಬಿಸಿದ ಕಥೆ, ಓದ್ತಿರ್ಲಿಲ್ಲ, ಆ ಪುಟ ಬಂದ್ರೆ ಮಗುಚಿಬಿಡ್ತಿದ್ದೆ. ಅವನಿಗೆ ಹುಷಾರಿಲ್ಲ ಅಂತ ಅಕ್ಕಂದಿರು ಮಾರ್ಥ ಮರಿಯ ಹೇಳಿಕಳಿಸಿದ್ರೂ ಯೇಸು ಸ್ವಾಮಿ ಇದ್ದ ಕಡೇನೇ ಇನ್ನೂ ಎರಡು ದಿನ ಉಳ್ಕೊಂಡ್ರು, ಬರೋ ಹೊತ್ತಿಗೆ ಸಮಾಧಿ ಮಾಡಿ ನಾಲ್ಕು ದಿನ ಆಗಿತ್ತು. ನೀನು ಇಲ್ಲಿದ್ದಿದ್ರೆ ನನ್ನ ತಮ್ಮ ಸಾಯ್ತಿರ್ಲಿಲ್ಲ ಅಂತ ಮಾರ್ಥ ಅಂದ್ಳು, ಮರಿಯನೂ ಅದೇ ಮಾತು ಅಂದ್ಳು. ಅದು ನನ್ನ ಮಾತು. ಒಂದಿನ ಧೈರ್ಯ ಮಾಡಿ ಓದಿದಾಗ 35ನೇ ವಚನದ ಹತ್ರ ನಿಂತುಬಿಟ್ಟೆ, ಯೇಸು ಅತ್ತರು. ಇನ್ನು ಸ್ವಲ್ಪ ಹೊತ್ತಿಗೆ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತರು. ತಡ ಯಾಕಾಯ್ತು ಅಂತ ಆ ಅಕ್ಕತಂಗಿಯರ ಮುಂದೆ ನಿಂತು ವಾದ ಮಾಡ್ಲಿಲ್ಲ.

ಇಬ್ರಿಯ 11ರಲ್ಲಿ ನಂಬಿಕೆಯ ದೊಡ್ಡ ದೊಡ್ಡವರ ಹೆಸರೆಲ್ಲ ಹೇಳಿ, ಇವರೆಲ್ಲ ವಾಗ್ದಾನದ ಫಲ ಕೈಗೆ ಸಿಗದೇನೇ ದೂರದಿಂದ ಅದನ್ನ ನೋಡಿ ಸತ್ತರು ಅಂತ ಬರೆದಿದೆ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ ಮುಗಿಯೋಕೆ ಇಪ್ಪತ್ತು ವರ್ಷ ಹಿಡೀತು, ಕಲ್ಲು ಹೊತ್ತವರೆಲ್ಲ ನಾಲೆ ನೀರಲ್ಲಿ ಕೈ ತೊಳೆದಿರಲ್ಲ, ಆ ನೀರಲ್ಲಿ ಬೆಳೆದ ಅನ್ನ ತಿಂದು ಬೆಳೆದವರು ನಾವು. ಗೆತ್ಸೇಮನೆ ತೋಟದಲ್ಲಿ ಈ ಪಾತ್ರೆ ನನ್ನಿಂದ ತೊಲಗಿಸು ಅಂತ ಬೇಡಿಕೊಂಡ ದೇವರ ಮಗನಿಗೇ ಅದು ತೊಲಗ್ಲಿಲ್ಲ, ಶಿಲುಬೆ ಆಯ್ತು, ಸಮಾಧಿಯಿಂದ ಎದ್ದುಬಂದ ಮೂರನೇ ದಿನ ಆಯ್ತು. ನನ್ನ ತಮ್ಮನಿಗೂ ಆ ಮೂರನೇ ದಿನ ಇದೆ ಅಂತ ನಾನು ನಂಬ್ತೀನಿ. ಅದು ಇವತ್ತಿನ ನೋವನ್ನ ಕಮ್ಮಿ ಮಾಡಲ್ಲ. ಆದ್ರೆ ನೋವಿಗೆ ಕೊನೇ ಮಾತು ಆಡೋಕೆ ಬಿಡಲ್ಲ.

ಇನ್ನೊಂದು ಮಾತು ನಂಗೆ ಹಿಡ್ಕೊಳ್ಳೋಕೆ ಸಿಕ್ತು. ಕಾಯೋದು ಅಂದ್ರೆ ನಮ್ಮ ಭಾಷೇಲಿ ದಾರಿ ನೋಡೋದೂ ಹೌದು, ಕಾಪಾಡೋದೂ ಹೌದು. ಕೀರ್ತನೆ 121ರಲ್ಲಿ ಇಸ್ರಾಯೇಲ್ಯರನ್ನ ಕಾಯೋನು ತೂಕಡಿಸಲ್ಲ ನಿದ್ದೆ ಮಾಡಲ್ಲ ಅಂತ ಇದೆ. ಆಸ್ಪತ್ರೆ ಕಾರಿಡಾರಲ್ಲಿ ಡಯಾಲಿಸಿಸ್ ಮುಗಿಯೋವರೆಗೂ ನಾನು ಕಾಯ್ತಿದ್ದೆ, ಕಣ್ಣು ತೂಗ್ತಿತ್ತು. ತೂಗದೇ ಇದ್ದ ಇನ್ನೊಬ್ಬರು ಅವನನ್ನೂ ನನ್ನನ್ನೂ ಕಾಯ್ತಿದ್ರು.

ನಿರೀಕ್ಷೆನೇ ಸತ್ತುಹೋಗಿದೆ. ಮತ್ತೆ ಹುಟ್ಟುತ್ತಾ?

ಲೂಕ 24ರಲ್ಲಿ ಇಬ್ಬರು ಯೆರೂಸಲೇಮಿಂದ ಎಮ್ಮಾಹು ಅನ್ನೋ ಹಳ್ಳಿಗೆ ನಡ್ಕೊಂಡು ಹೋಗ್ತಿದಾರೆ, ಸುಮಾರು ಹನ್ನೊಂದು ಕಿಲೋಮೀಟರ್, ಮೈಸೂರಿಂದ ಶ್ರೀರಂಗಪಟ್ಟಣಕ್ಕಿಂತ ಸ್ವಲ್ಪ ಹತ್ತಿರ. ಜೊತೆಗೆ ಸೇರ್ಕೊಂಡವರು ಯೇಸು ಸ್ವಾಮಿನೇ ಅಂತ ಗೊತ್ತಾಗದೆ, ಅವರೇ ಬಿಡಿಸೋರು ಅಂತ ನಾವು ನಿರೀಕ್ಷೆ ಇಟ್ಟಿದ್ವಿ ಅಂತ ಅವರ ಮುಂದೇನೇ ಹೇಳ್ಕೋತಾರೆ. ಇಟ್ಟಿದ್ವಿ, ಅಂದ್ರೆ ಈಗ ಇಲ್ಲ. ಸ್ವಾಮಿ ಅವರ ಜೊತೆ ಅಷ್ಟು ದೂರ ನಡೆದ್ರು, ಸಾಯಂಕಾಲ ಊಟಕ್ಕೆ ಕೂತು ರೊಟ್ಟಿ ಮುರಿದಾಗ ಗುರುತು ಸಿಕ್ತು. ನಂಗೂ ದೊಡ್ಡ ದರ್ಶನ ಏನೂ ಆಗ್ಲಿಲ್ಲ. ಪಕ್ಕದ ಬೀದಿ ಅಕ್ಕ ಒಬ್ಬರು ಮೂರು ತಿಂಗಳು ಪ್ರತಿ ಭಾನುವಾರ ಬಂದು ಬಾಗಿಲು ತಟ್ಟಿ, ಬಾ ಹೋಗೋಣ ಅಂತಿದ್ರು, ನಾನು ಬರಲ್ಲ ಅಂದ್ರೆ ಸರಿ ಕಣಮ್ಮ ಅಂತ ಹೋಗಿ ಮತ್ತೆ ಮುಂದಿನ ವಾರ ಬರೋರು. ಒಂದು ವಾರ ಹೋದೆ.

ಕಬ್ಬು ಕಡಿದ ಗದ್ದೆ ನೋಡಿದೀರಲ್ಲ, ತರಗು ಸುಟ್ಟ ಮೇಲೆ ನೆಲ ಕರ್ರಗೆ, ಇನ್ನಿಲ್ಲಿ ಏನೂ ಬರಲ್ಲ ಅನ್ಸುತ್ತೆ. ನೀರು ಕೊಟ್ಟ ಸ್ವಲ್ಪ ದಿನಕ್ಕೆ ಅದೇ ಬುಡದಿಂದ ಕೂಳೆ ಬರುತ್ತೆ, ಹೊಸದಾಗಿ ನಾಟಿ ಮಾಡಿರಲ್ಲ. ಯೆಶಾಯ 11ರಲ್ಲಿ ಇಷಯನ, ಅಂದ್ರೆ ದಾವೀದನ ಅಪ್ಪನ, ಬುಡದಿಂದ ಒಂದು ಚಿಗುರು ಒಡೆಯುತ್ತೆ ಅಂತ ಓದಿದಾಗ ನಂಗೆ ಕಣ್ಣಿಗೆ ಕಾಣೋದು ನಮ್ಮಪ್ಪನ ಗದ್ದೆ.

ಮೈಸೂರಲ್ಲಿ ಸುಮ್ನೆ ಕೂತು ಪ್ರಾರ್ಥನೆ ಮಾಡೋಕೆ ಒಂದು ಜಾಗ ಹೇಳಿ

ಸಂತ ಫಿಲೋಮಿನಾ ಚರ್ಚ್. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ್ದು, ಯಾವ ಧರ್ಮದವರು ಬಂದ್ರೂ ಕೂರ್ಬಹುದು. ಟೂರಿಸ್ಟ್ ಗಲಾಟೆ ಇಲ್ಲದ ಬೆಳಗ್ಗೆ ಹೊತ್ತು ಹೋಗಿ.

ಕಾಯ್ತಾ ಇರೋರಿಗೆ ನಾನು ಏನು ಹೇಳ್ಬೇಕು?

ಕಮ್ಮಿ ಹೇಳಿ. ಯೋಬನ ಗೆಳೆಯರು ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ರು, ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಎಲ್ಲಾ ಒಳ್ಳೇದಕ್ಕೆ ಅಂತ ಸಾವಿನ ಮನೇಲಿ ಹೇಳ್ಬೇಡಿ. ಉಪ್ಸಾರು ಮುದ್ದೆ ಮಾಡಿ ತಗೊಂಡು ಹೋಗಿ, ಬಸ್ ಸ್ಟ್ಯಾಂಡಿಗೆ ಬಿಟ್ಟು ಬನ್ನಿ, ಆಸ್ಪತ್ರೇಲಿ ಒಂದು ರಾತ್ರಿ ಜೊತೆಗಿರಿ.

ನೀವು ಈಗ ಏನಕ್ಕಾದ್ರೂ ಕಾಯ್ತಿದೀರಾ?

ಹೌದು. ತಮ್ಮನ ಮಗಳು ಅವರಪ್ಪ ಹೋದಾಗಿಂದ ಚರ್ಚ್ ಒಳಗೆ ಕಾಲಿಟ್ಟಿಲ್ಲ. ಈಗ ಮೈಸೂರಲ್ಲೇ ಡಿಗ್ರಿ ಓದ್ತಾ ನಮ್ಮನೇಲಿದಾಳೆ, ಅಮ್ಮನೂ ನಮ್ಮ ಜೊತೆಗೇ ಇದಾರೆ. ಪ್ರತಿ ಭಾನುವಾರ ಅಜ್ಜೀನ ಸ್ಕೂಟಿಯಲ್ಲಿ ಕರ್ಕೊಂಡು ಬಂದು ಗೇಟಲ್ಲಿ ಇಳಿಸಿ ಹೊರಟುಹೋಗ್ತಾಳೆ, ಮುಗಿಯೋ ಹೊತ್ತಿಗೆ ಮತ್ತೆ ಬರ್ತಾಳೆ. ಬಾ ಅಂತ ನಾನು ಬಲವಂತ ಮಾಡಲ್ಲ, ಅಮ್ಮನೂ ಮಾಡಲ್ಲ. ಹೋದ ಭಾನುವಾರ ಆರಾಧನೆ ಮುಗಿಸಿ ಹೊರಗೆ ಬಂದ್ರೆ ಸ್ಕೂಟಿ ಅಲ್ಲೇ ಸ್ಟ್ಯಾಂಡ್ ಹಾಕಿತ್ತು, ಇವಳು ಕಾಂಪೌಂಡ್ ಒಳಗೆ ಮರದ ಕೆಳಗಿನ ಕಟ್ಟೆ ಮೇಲೆ ಕೂತಿದ್ಳು, ಹಾಡು ಕೇಳಿಸೋಷ್ಟು ಹತ್ತಿರ. ಯಾವಾಗಿಂದ ಕೂತಿದೀಯಾ ಅಂತ ನಾನು ಕೇಳ್ಲಿಲ್ಲ. ಒಳಗಡೆ ಎಲ್ಲರಿಗೂ ಟೀ ಕೊಡ್ತಿದ್ರು, ಎರಡು ಲೋಟ ತಗೊಂಡು ಹೋಗಿ ಪಕ್ಕದಲ್ಲಿ ಕೂತ್ಕೊಂಡೆ.